ಉಪ್ಪು ನೀರು ಎಲ್ಲಿಗೆ ಬಂತು?

(ಕುಮಟಾ ಕಡೆಯ ಒಂದು ಸಣ್ಣ ಸಭೆಯಲ್ಲಿ ಆಡಿದ ಮಾತು ಇದು. ಕೇಳಿದವರಲ್ಲಿ ಕೆಲವರು ಬರೆದು ಕೊಡಿ ಎಂದರು. ಮಾತಿನ ಧಾಟಿಯನ್ನು ಹೆಚ್ಚು ಬದಲಿಸದೆ ಇಲ್ಲಿ ಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಒಂದು ಉದ್ದ ಗಾಜಿನ ಲೋಟ ಇದೆ. ಅರ್ಧ ಲೋಟ ಬಾವಿ ನೀರು. ಈ ಇನ್ನೊಂದು ಚೊಂಬಿನಲ್ಲಿರುವುದು ಬೆಳಿಗ್ಗೆ ತದಡಿಯಲ್ಲಿ ನದಿ ಕಡಲು ಸೇರುವ ಬಾಯಿಯಿಂದ ತಂದ ಕಡಲ ನೀರು. ಕಣ್ಣಿಗೆ ಕಾಣಲಿ ಅಂತ ಅದಕ್ಕೆ ಸ್ವಲ್ಪ ಕುಂಕುಮ ಕಲಸಿದ್ದೇನೆ. ಈಗ ಲೋಟದ ಅಂಚಿಗೆ ಚಮಚ ಹಿಡಿದು ನಿಧಾನಕ್ಕೆ ಇಳಿಸುತ್ತೇನೆ. ನೋಡಿ, ಕೆಂಪು ನೀರು ಬೆರೆಯುತ್ತಿಲ್ಲ. ಜಾರಿಕೊಂಡು ತಳಕ್ಕೆ ಹೋಗಿ ಕೂತಿತು. ಮೇಲೆ ತಿಳಿ, ಕೆಳಗೆ ಕೆಂಪು, ನಡುವೆ ಒಂದು ಗೆರೆ. ಹಿಂದೆ ಕೂತವರಿಗೂ ಕಾಣ್ತಾ ಇದೆ ಅಲ್ವಾ?

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದಕ್ಕೇ ಅದು ಸಿಹಿನೀರಿಗಿಂತ ಲೀಟರಿಗೆ 25 ಗ್ರಾಂನಷ್ಟು ಜಾಸ್ತಿ ತೂಗುತ್ತದೆ. ಅಷ್ಟೇ ವ್ಯತ್ಯಾಸ. ಆ 25 ಗ್ರಾಂ ಮೇಲೆ ನನ್ನ ಹೊಟ್ಟೆಪಾಡು ನಿಂತಿದೆ. ಇವತ್ತು ನಾನು ಹೇಳುವುದೆಲ್ಲ ಈ ಲೋಟದೊಳಗೇ ಇದೆ.

ನನ್ನ ಕೆಲಸ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಪ್ಪ ಬೀಸುಬಲೆ ಹಾಕುತ್ತಿದ್ದರು, ನಾನು ಜನರನ್ನು ದೋಣಿಯಲ್ಲಿ ಕೂರಿಸಿಕೊಂಡು ಗಾಳ ಹಾಕಿಸುತ್ತೇನೆ. ಬೆಂಗಳೂರು, ಹುಬ್ಬಳ್ಳಿ, ಗೋವಾದಿಂದ ಜನ ಬರುತ್ತಾರೆ. ಒಳ್ಳೊಳ್ಳೆ ರಾಡು, ರೀಲು ತರುತ್ತಾರೆ. ನಾವು ದೂರದ ಕಡಲಿಗೆ ಹೋಗುವುದಿಲ್ಲ. ಅಘನಾಶಿನಿ ನದಿ ಕಡಲು ಸೇರುವ ಅಳಿವೆ, ಅದರ ಒಳಗೆ ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಸಂದಿ, ಗಜನಿ ಗದ್ದೆಯ ಕಟ್ಟೆ, ಸೇತುವೆ ಕಂಬದ ಬುಡ, ಕಡಲು ಶಾಂತವಾಗಿದ್ದರೆ ಬಂಡೆಗಳ ಆಸುಪಾಸು. ದಡ ಕಾಣುವಷ್ಟೇ ದೂರ.

ಬಂದವರು ದೋಣಿ ಹತ್ತುವ ಮೊದಲು ಕೇಳುವ ಪ್ರಶ್ನೆ ಒಂದೇ. "ಅಣ್ಣಾ, ಮೀನು ಎಲ್ಲಿದೆ?" ನಾನು ಮಾತ್ರ ದಿನಾ ಬೆಳಿಗ್ಗೆ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇವತ್ತು ಉಪ್ಪು ನೀರು ಎಲ್ಲಿಗೆ ಬಂತು? ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮಧ್ಯದ ತನಕ ಈ ಪ್ರಶ್ನೆಗೆ ಉತ್ತರ ದಿನಾ ಬದಲಾಗುತ್ತದೆ. ಮೀನು ಆ ಉತ್ತರದ ಹಿಂದೆ ಹೋಗುತ್ತದೆ.

ಅಘನಾಶಿನಿಗೆ ಅಣೆಕಟ್ಟು ಇಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಘಟ್ಟ ಇಳಿದು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಕಡಲು ಸೇರುತ್ತದೆ. ಘಟ್ಟದಲ್ಲಿ ಬಿದ್ದ ಮಳೆಯನ್ನು ನಡುವೆ ಹಿಡಿದಿಡುವವರು ಯಾರೂ ಇಲ್ಲ. ಜೂನ್, ಜುಲೈ, ಆಗಸ್ಟಿನಲ್ಲಿ ಅಷ್ಟೂ ಕೆಂಪು ನೀರು ಕೆಳಗೆ ನುಗ್ಗಿ ಅಳಿವೆಯ ಉಪ್ಪನ್ನೆಲ್ಲ ಕಡಲಿಗೆ ತಳ್ಳಿಬಿಡುತ್ತದೆ. ಆಗ ಅಳಿವೆಯೊಳಗಿನ ನೀರನ್ನು ಬಾಯಿಗೆ ಹಾಕಿದರೆ ಮಣ್ಣಿನ ರುಚಿ ಬಿಟ್ಟರೆ ಬೇರೇನೂ ಇಲ್ಲ.

ಮಳೆ ಸಡಿಲವಾದ ಕೂಡಲೇ ಕಡಲು ಹಿಂದಕ್ಕೆ ಬರಲು ಶುರು ಮಾಡುತ್ತದೆ. ಒಂದೊಂದು ಉಬ್ಬರಕ್ಕೂ ಒಂದಿಷ್ಟು ಮೇಲೆ. ಮೊದಲು ಬಾಯಿಯ ಹತ್ತಿರ, ಆಮೇಲೆ ಕಾಗಾಲ, ಮಾಸೂರಿನ ಕಡೆ, ಆಮೇಲೆ ಮಿರ್ಜಾನ್, ದಿವಗಿ. ಬೇಸಿಗೆಯ ಹೊತ್ತಿಗೆ ಇನ್ನೂ ಮೇಲೆ ಹೋಗುತ್ತದೆ. ನೀರಿನ ಏರಿಳಿತವಂತೂ ಉಪ್ಪಿನಪಟ್ಟಣದ ತನಕ ಗೊತ್ತಾಗುತ್ತದೆ. ಉಪ್ಪಿನ ಹೆಸರಿಟ್ಟುಕೊಂಡ ಊರು ನದಿಯ ಅಷ್ಟು ಒಳಗಿದೆ. ಇತ್ತ ಬಾಯಿಯ ಹತ್ತಿರ ಸಾಣಿಕಟ್ಟೆಯ ಉಪ್ಪಾಗರ. ಈ ನದಿಯ ಜನ ಉಪ್ಪಿನ ಲೆಕ್ಕ ಇಟ್ಟುಕೊಂಡೇ ಬದುಕಿದವರು.

ಉಪ್ಪು ಸುಮ್ನೆ ನೇರವಾಗಿ ಏರಿಕೊಂಡು ಹೋಗಿದ್ದರೆ ನನ್ನಂಥವನ ಅಗತ್ಯ ಯಾರಿಗೂ ಬೀಳುತ್ತಿರಲಿಲ್ಲ. ಕ್ಯಾಲೆಂಡರ್ ನೋಡಿ ಹೇಳಬಹುದಿತ್ತು. ಆದರೆ ನಡುವೆ ಚಿತ್ತೆ ಮಳೆ ಬರುತ್ತದಲ್ಲ!

ಅಕ್ಟೋಬರ್ 10ರ ಆಸುಪಾಸಿಗೆ ಹಸ್ತ ಮುಗಿದು ಚಿತ್ತೆ ಹತ್ತುತ್ತದೆ. ಕುರುಡು ಚಿತ್ತೆ ಎರಚಿದತ್ತ ಬೆಳೆ ಅಂತ ಹಿರಿಯರು ಹೇಳುತ್ತಿದ್ದರು. ಕುರುಡರು ಬೀಜ ಎರಚಿದ ಹಾಗೆ, ಬಿದ್ದಲ್ಲಿ ಬಿತ್ತು, ಇಲ್ಲದಲ್ಲಿ ಇಲ್ಲ. ಕುಮಟೆಯಲ್ಲಿ ಬಟ್ಟೆ ಒಣಗುತ್ತಿರುತ್ತದೆ, ದೇವಿಮನೆ ಘಟ್ಟದಲ್ಲಿ ಹುಯ್ಯುತ್ತಿರುತ್ತದೆ. ನಾವು ದೋಣಿ ಕಟ್ಟುವ ದಕ್ಕೆಯಲ್ಲಿ ನಿಂತು ನೀಲಿ ಆಕಾಶ ನೋಡಿ ಇವತ್ತು ಒಳ್ಳೆ ದಿನ ಅಂದುಕೊಂಡಿರುತ್ತೇವೆ. ಮರುದಿನ ಬೆಳಿಗ್ಗೆ ನದಿ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ನಿನ್ನೆ ಮಿರ್ಜಾನಿನ ಹತ್ತಿರ ಇದ್ದ ಉಪ್ಪು ಇವತ್ತು ಕಾಗಾಲಕ್ಕೆ ಇಳಿದಿರುತ್ತದೆ.

ಹಾಗಾಗಿ ನಾನು ಮೊಬೈಲಿನಲ್ಲಿ ಕುಮಟೆಯ ಹವಾಮಾನ ನೋಡುವ ಮೊದಲು ಶಿರಸಿ, ಸಿದ್ದಾಪುರದ ಮಳೆ ನೋಡುತ್ತೇನೆ. ಅಲ್ಲಿ ನೆಂಟರಿದ್ದಾರೆ, ಒಂದು ಫೋನ್ ಮಾಡಿದರೆ ಆಯ್ತು. "ನಿನ್ನೆ ರಾತ್ರಿ ಹೇಗೆ ಬಂತು ಮಳೆ?" ಗುಡುಗು ಮಾತ್ರವೋ, ಅಂಗಳದಲ್ಲಿ ನೀರು ಹರಿಯಿತೋ? ಅಂಗಳದಲ್ಲಿ ಹರಿದಿದ್ದರೆ ನನ್ನ ಲೆಕ್ಕ ಬದಲು.

ಇನ್ನೊಬ್ಬರನ್ನು ಕೇಳುತ್ತೇನೆ. ಅವರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಇಳಿತದ ಹೊತ್ತಿಗೆ ಅಳಿವೆಯ ಮರಳು ದಿಬ್ಬಗಳ ಮೇಲೆ ಬಳಚು ಅನ್ನುವ ಚಿಪ್ಪುಜೀವಿ ಹೆಕ್ಕುವ ಹೆಂಗಸರು ಇರುತ್ತಾರೆ. ಸೊಂಟದ ತನಕ ನೀರಲ್ಲಿ ನಿಂತು, ಕಾಲಲ್ಲಿ ತಡವಿ, ಬಗ್ಗಿ, ಒಂದೊಂದೇ ಚಿಪ್ಪು ಎತ್ತಿ ಬುಟ್ಟಿಗೆ ಹಾಕುತ್ತಾರೆ. ಬುಟ್ಟಿ ನೀರಿನ ಮೇಲೆ ತೇಲುತ್ತಾ ಅವರ ಸೊಂಟದ ಹಗ್ಗಕ್ಕೆ ಕಟ್ಟಿಕೊಂಡಿರುತ್ತದೆ. ಬಳಚು ಮೀನಿನ ಹಾಗೆ ಓಡಲಾರದು. ಉಪ್ಪು ಹೋದರೆ ಅದು ಬಾಯಿ ಬಿಗಿದುಕೊಂಡು ಮಣ್ಣಲ್ಲಿ ಕೂರಬೇಕು, ಬಹಳ ದಿನ ಸಿಹಿನೀರು ನಿಂತರೆ ಸಾಯಬೇಕು. ಅದಕ್ಕೇ ನೀರಿನ ರುಚಿ ಅವರಿಗೆ ಗೊತ್ತಿರುವಷ್ಟು ಯಾವ ಯಂತ್ರಕ್ಕೂ ಗೊತ್ತಿಲ್ಲ ಅಂತ ನಾನು ನಂಬಿದ್ದೇನೆ.

ಒಂದು ದಿನ ಬೆಳಿಗ್ಗೆ ದೋಣಿಯ ಇಂಜಿನ್ ನಿಲ್ಲಿಸಿ ಕೇಳಿದೆ. "ಅಕ್ಕಾ, ನೀರು ಹ್ಯಾಂಗದೆ?"

ಅವರು ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡರು. "ಮೇಲೆ ಸಪ್ಪೆ ತಮಾ. ಕಾಲಿಗೆ ಬಿಸಿ ತಾಗ್ತದೆ, ಅಡಿಗೆ ಉಪ್ಪದೆ."

ಎರಡೇ ಮಾತು. ನನ್ನ ಇಡೀ ದಿನ ಅದರಲ್ಲಿ ತೀರ್ಮಾನ ಆಯಿತು. ಘಟ್ಟದಿಂದ ರಾತ್ರಿ ಇಳಿದ ಮಳೆ ನೀರು ತಣ್ಣಗೆ ಮೇಲೆ ಹರಿಯುತ್ತಿದೆ. ಕಡಲಿಂದ ಬಂದ ಬೆಚ್ಚಗಿನ ಉಪ್ಪು ನೀರು ಅದರ ಅಡಿಗೆ ಉಳಿದಿದೆ. ಈ ಲೋಟದಲ್ಲಿ ನೀವು ನೋಡಿದಿರಲ್ಲ, ಅದೇ.

ಅವತ್ತು ನನ್ನ ದೋಣಿಯಲ್ಲಿದ್ದ ಇಬ್ಬರು ನೀರಿನ ಮೇಲೆ ಚಿಮ್ಮುವ ಲೂರ್, ಅಂದರೆ ನಕಲಿ ಮೀನು, ಕಟ್ಟಿಕೊಂಡು ಬಂದಿದ್ದರು. ಮೀನು ಮೇಲೆ ಹಾರಿ ಹಿಡಿಯುವುದನ್ನು ನೋಡುವ ಆಸೆ. ಆಸೆ ತಪ್ಪಲ್ಲ. ಆದರೆ ಅವತ್ತು ಮೇಲಿನ ಮೂರು ನಾಲ್ಕು ಅಡಿ ನೀರಿನಲ್ಲಿ ಮೀನು ಇರಲು ಕಾರಣವೇ ಇರಲಿಲ್ಲ. ಅದನ್ನು ಬಿಚ್ಚಿಸಿ ತಳಕ್ಕೆ ಮುಳುಗುವ ತೂಕದ ಲೂರ್, ಜಿಗ್ ಅನ್ನುತ್ತಾರೆ, ಅದನ್ನು ಕಟ್ಟಿಸಿದೆ. ಎಸೆದ ಮೇಲೆ ಸುತ್ತಬೇಡಿ, ತಳಕ್ಕೆ ಬಡಿಯುವ ತನಕ ಕಾಯಿರಿ ಅಂದೆ. ದಾರ ಸಡಿಲವಾದ ಕೂಡಲೇ ರಾಡಿನ ತುದಿಯನ್ನು ಒಂದು ಗೇಣು ಎತ್ತಿ, ಮತ್ತೆ ಇಳಿಸಿ. ಮೂರನೇ ಎಸೆತಕ್ಕೆ ಒಂದು ಸೀಬಾಸ್ ಹಿಡಿಯಿತು. ಕಾರವಾರದ ಕೊಂಕಣಿಯಲ್ಲಿ ಚೊಣಕ್ ಅನ್ನುತ್ತಾರಲ್ಲ, ಅದು.

ನಂಬಿಕೆ ಬರದವರಿಗೆ ಒಂದು ಉಪಾಯ ತೋರಿಸುತ್ತೇನೆ. ಒಂದು ಸಣ್ಣ ಬಾಟಲಿಗೆ ಕಲ್ಲು ಕಟ್ಟಿ. ಬಿರಡೆಗೆ ಬೇರೆ ದಾರ ಕಟ್ಟಿ. ಬಾಟಲಿಯನ್ನು ತಳಕ್ಕೆ ಇಳಿಸಿ, ಬಿರಡೆಯ ದಾರವನ್ನು ಜಗ್ಗಿ. ಗುಳುಗುಳು ಅಂತ ಗಾಳಿ ಮೇಲೆ ಬರುತ್ತದೆ. ಎತ್ತಿ ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿ, ಆಮೇಲೆ ಉಗುಳಿಬಿಡಿ. ಮೇಲಿನ ನೀರು ಸಪ್ಪೆ, ಬಾಟಲಿಯ ನೀರು ಉಪ್ಪು. ಒಂದೇ ಜಾಗ, ಎರಡು ನದಿ. ಇದನ್ನು ನೋಡಿದ ಮಕ್ಕಳು ಆ ದಿನ ಮೀನು ಸಿಗದಿದ್ದರೂ ಖುಷಿಯಿಂದ ಹೋಗಿದ್ದಾರೆ.

ಇನ್ನು ನೀರಿನ ಗೆರೆ. ಇಳಿತದ ಹೊತ್ತಲ್ಲಿ ಹಳ್ಳದ ಕೆಂಪು ನೀರು ಅಳಿವೆಯ ಹಸಿರು ನೀರಿಗೆ ತಾಗುವ ಕಡೆ ಒಂದು ಗೆರೆ ಕಾಣುತ್ತದೆ. ಗೆರೆಯ ಉದ್ದಕ್ಕೂ ನೊರೆ, ಒಣಗಿದ ಎಲೆ, ಕಡ್ಡಿ, ಕೆಲವೊಮ್ಮೆ ತೇಲಿಬಂದ ತೆಂಗಿನಕಾಯಿ. ಸಣ್ಣ ಮೀನು, ಸಿಗಡಿ ಆ ಗೆರೆಗೆ ಬಂದು ಗೊಂದಲದಲ್ಲಿ ನಿಲ್ಲುತ್ತವೆ. ದೊಡ್ಡ ಮೀನು ಹಸಿರಿನ ಬದಿಗೆ, ಸ್ವಲ್ಪ ಅಡಿಗೆ ಕಾದಿರುತ್ತದೆ. ದೋಣಿಯನ್ನು ಗೆರೆಯ ಮೇಲೆ ಓಡಿಸಿದರೆ ಮುಗಿಯಿತು, ಎಲ್ಲ ಚದುರಿಹೋಗುತ್ತವೆ. ನಾನು ಇಂಜಿನ್ ದೂರದಲ್ಲೇ ನಿಲ್ಲಿಸಿ ಗಳ ಹಾಕಿಕೊಂಡು ಹೋಗುತ್ತೇನೆ. ಕೆಂಪಿನ ಕಡೆಯಿಂದ ಎಸೆದು ಹಸಿರಿನೊಳಗೆ ಬೀಳುವ ಹಾಗೆ, ಗೆರೆಯನ್ನು ದಾಟಿಸಿಕೊಂಡು ಎಳೆಯಬೇಕು.

ಗಾಳಿಯ ಬಗ್ಗೆ ಹೇಳುತ್ತೇನೆ. ಮಳೆಗಾಲವಿಡೀ ನಮಗೆ ಪಡುವಣ ಗಾಳಿ ಒಂದೇ. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ದಕ್ಕೆಗೆ ಬಂದಾಗ ಬೆನ್ನಿಗೆ ತಣ್ಣಗೆ ತಾಗುತ್ತದೆ. ಮೂಡಣ ಗಾಳಿ. ಮೋಡ ಹರಿದು ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಬೆಚ್ಚಗೇ ಇರುತ್ತದೆ, ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಆ ಗಾಳಿಗೆ ಅಡಿಕೆ ತೋಟದ, ಗದ್ದೆಯ, ಒದ್ದೆ ಹುಲ್ಲಿನ ವಾಸನೆ ಇರುತ್ತದೆ. ಅದು ಬೀಸಿದ ದಿನ ಅಳಿವೆಯ ನೀರು ಗಾಜಿನ ಹಾಗೆ ಮಲಗಿರುತ್ತದೆ. ಹತ್ತು ಗಂಟೆಯ ತನಕ ಆ ಸುಖ. ಆಮೇಲೆ ನೆಲ ಕಾದು ಗಾಳಿ ತಿರುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಡುವಣ ಗಾಳಿ ಎದ್ದು ಅಲೆ ಮುರಿಯಲು ಶುರು. ಅದಕ್ಕೇ ನಾನು ಐದು ಗಂಟೆಗೆ ಬನ್ನಿ ಅನ್ನುವುದು. ಎಂಟಕ್ಕೆ ಬಂದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ.

ಅದೇ ಕಾದ ನೆಲ ಮಧ್ಯಾಹ್ನ ಘಟ್ಟದ ಮೇಲೆ ಮೋಡ ಕಟ್ಟುತ್ತದೆ. ಮಳೆಗಾಲದ ಮೋಡ ಕಡಲಿಂದ ಬರುತ್ತದೆ, ನಾವು ಪಡುವಣಕ್ಕೆ ನೋಡಿ ಅಭ್ಯಾಸ. ಚಿತ್ತೆ, ಸ್ವಾತಿಯ ಮೋಡ ಬೆನ್ನ ಹಿಂದಿನಿಂದ ಬರುತ್ತದೆ. ನಾಲ್ಕು ಗಂಟೆಗೆ ಮೂಡಣಕ್ಕೆ ಹೂಕೋಸಿನ ಹಾಗೆ ಬೆಳ್ಳಗೆ ಉಬ್ಬಿ ನಿಂತಿರುತ್ತದೆ. ಸಂಜೆಗೆ ಅದರ ಬುಡ ಕಪ್ಪಾಗಿ ಕಡಲ ಕಡೆಗೆ ಜಾರುತ್ತದೆ. ಗಾಳ ಹಾಕುವವನ ಮುಖ ನೀರಿನ ಕಡೆ. ಹಿಂದೆ ತಿರುಗಿ ನೋಡುವುದು ನನ್ನ ಕೆಲಸ.

ಒಂದು ಸಲ ಆ ಕೆಲಸ ನಾನು ಮಾಡಲಿಲ್ಲ. ಇದನ್ನು ಹೇಳದೆ ಬಿಟ್ಟರೆ ಈ ಮಾತು ಅರ್ಧ ಆಗುತ್ತದೆ.

ಅಕ್ಟೋಬರಿನ ಮೂರನೇ ವಾರ. ಅಪ್ಪ ಮಗ ಇಬ್ಬರು ಬಂದಿದ್ದರು. ಹುಡುಗನಿಗೆ ಹನ್ನೆರಡು ಹದಿಮೂರು ವರ್ಷ ಇರಬಹುದು. ಇಡೀ ದಿನ ಒಂದೂ ಮೀನು ಇಲ್ಲ. ನಾಲ್ಕೂವರೆಗೆ ನೀರು ಇಳಿಯಲು ಶುರುವಾಗಿ, ಗೆರೆ ಕಟ್ಟಿ, ಟ್ರೆವಲ್ಲಿ ಮೀನಿನ ಹಿಂಡು ಬಂತು. ಹುಡುಗ ಒಂದು ಹಿಡಿದ, ಇನ್ನೊಂದು ಹಿಡಿದ. ಘಟ್ಟದ ಕಡೆ ಗುಡುಗು ಕೇಳಿಸಿತು. ದೂರ ಇದೆ ಅಂದುಕೊಂಡೆ. ಹುಡುಗನ ಮುಖ ನೋಡಿ ಇನ್ನು ಹತ್ತು ನಿಮಿಷ ಅಂದೆ.

ಹತ್ತು ನಿಮಿಷ ಆಗಿರಲಿಲ್ಲ. ಅವನು ಎಸೆದ ದಾರ ನೀರಿಗೆ ಬೀಳಲಿಲ್ಲ. ಲೂರ್ ಮುಳುಗಿತ್ತು, ಆದರೆ ದಾರ ಬಿಲ್ಲಿನ ಹಾಗೆ ಬಾಗಿ ಗಾಳಿಯಲ್ಲೇ ತೇಲುತ್ತಿತ್ತು. ಗಾಳಿ ಮಾತ್ರ ಒಂಚೂರೂ ಇರಲಿಲ್ಲ. ರಾಡಿನ ತುದಿಯಿಂದ ಜುಂಯ್ ಅಂತ ಜೇನಿನ ಸದ್ದು. ಅವನ ತಲೆಗೂದಲು ನಿಂತಿತ್ತು. "ಕೆಳಗೆ ಇಡು!" ಅಂತ ಕೂಗಿದೆ. ಮೂರೂ ಜನ ದೋಣಿಯ ತಳಕ್ಕೆ ಕುಕ್ಕರಿಸಿದೆವು. ಮಿಂಚು ಬಡಿದದ್ದು ಆಚೆ ದಡದ ತೆಂಗಿನ ಮರಕ್ಕೆ. ನನಗೆ ಈಗಲೂ ಆ ಜೇನಿನ ಸದ್ದು ನೆನಪಾದರೆ ಅಂಗೈ ಬೆವರುತ್ತದೆ.

ಗ್ರಾಫೈಟ್ ರಾಡು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಬಯಲು ನೀರಿನಲ್ಲಿ ಎಲ್ಲಕ್ಕಿಂತ ಎತ್ತರಕ್ಕೆ ಇರುವುದು ಅದೇ. ಅವತ್ತಿನಿಂದ ನನ್ನ ದೋಣಿಯಲ್ಲಿ ಒಂದು ನಿಯಮ. ಮಿಂಚು ಕಂಡ ಮೇಲೆ ಎಣಿಸಬೇಕು. ಸದ್ದು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಬರುತ್ತದೆ. ಮೂವತ್ತು ಎಣಿಸುವ ಮೊದಲೇ ಗುಡುಗು ಕೇಳಿದರೆ ಮಳೆ ಹತ್ತು ಕಿಲೋಮೀಟರಿನ ಒಳಗಿದೆ. ಮುಂದಿನ ಮಿಂಚು ನಮ್ಮ ತಲೆಯ ಮೇಲೂ ಬೀಳಬಹುದು. ರಾಡು ಮಲಗಿಸಿ ದಡಕ್ಕೆ. ಅಲ್ಲಿ ಮರದ ಅಡಿಗೆ ನಿಲ್ಲುವುದಲ್ಲ, ಮನೆಯೊಳಗೆ ಅಥವಾ ಕಾರಿನೊಳಗೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಮತ್ತೆ ನೀರಿಗಿಲ್ಲ. ಮೊಬೈಲಿನಲ್ಲಿ ದಾಮಿನಿ ಅಂತ ಸಿಡಿಲಿನ ಆ್ಯಪ್ ಇದೆ, ಪುಣೆಯ ಸರ್ಕಾರಿ ಸಂಸ್ಥೆ ಮಾಡಿದ್ದು. ಅದನ್ನೂ ಇಟ್ಟುಕೊಂಡಿದ್ದೇನೆ. ಆದರೂ ಮೂಡಣಕ್ಕೆ ತಿರುಗಿ ನೋಡುವುದನ್ನು ಬಿಟ್ಟಿಲ್ಲ. ಮೀನು ಎಷ್ಟೇ ಹಿಡಿಯುತ್ತಿರಲಿ, ಯಾರ ಮುಖ ಎಷ್ಟೇ ಸಣ್ಣದಾಗಲಿ, ನಾನು ಇಂಜಿನ್ ಹಗ್ಗ ಎಳೆಯುತ್ತೇನೆ.

ಅಳಿವೆ ಕಡಲಿಗೆ ತೆರೆಯುವ ಬಾಗಿಲಿನ ವಿಷಯದಲ್ಲೂ ಹೀಗೇ. ನದಿ ಜೋರಾಗಿ ಹೊರಗೆ ಇಳಿಯುವಾಗ ಕಡಲ ಅಲೆ ಎದುರಿಗೆ ಬಂದರೆ, ಅಲೆಗಳ ನಡುವಿನ ಅಂತರ ಕಮ್ಮಿಯಾಗಿ, ಅಲೆ ಕಡಿದಾಗಿ, ಗೋಡೆಯ ಹಾಗೆ ಏಳುತ್ತದೆ. ಹೊರಗೆ ಎರಡು ಅಡಿ ಇದ್ದ ಅಲೆ ಬಾಗಿಲಲ್ಲಿ ದೋಣಿ ಮಗುಚುವಷ್ಟಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಇಳಿತ ಜೋರು. ಅದರ ಜೊತೆಗೆ ರಾತ್ರಿ ಘಟ್ಟದಲ್ಲಿ ಮಳೆ ಬಂದಿದ್ದರೆ ಇನ್ನೂ ಜೋರು. ಆ ಹೊತ್ತಿನಲ್ಲಿ ನಾನು ಬಾಗಿಲು ದಾಟುವುದಿಲ್ಲ. ಹೋಗುವುದಾದರೆ ನೀರು ನಿಂತ ಹೊತ್ತಿಗೆ ಹೋಗಿ, ನೀರು ಏರುವಾಗ ಒಳಗೆ ಬರುತ್ತೇನೆ.

ಇಲ್ಲಿ ಗಾಳಿಯೇ ಇಲ್ಲ, ಬಿಸಿಲು ಹೊಳೆಯುತ್ತಿದೆ, ಆದರೂ ದೊಡ್ಡ ಅಲೆ ಬರಬಹುದು. ದೂರದಲ್ಲಿ ಎಲ್ಲೋ ಚಂಡಮಾರುತ ಇದ್ದರೆ ಅದರ ಅಲೆ ನೂರಾರು ಕಿಲೋಮೀಟರ್ ನಡೆದು ಬರುತ್ತದೆ. ಅರಬ್ಬಿ ಸಮುದ್ರಕ್ಕೆ ಮಳೆಗಾಲದ ಮುಂಚೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ಚಂಡಮಾರುತದ ಕಾಲ. 2009ರ ನವೆಂಬರಿನಲ್ಲಿ ಫಯಾನ್ ಬಂತು. 2017ರ ನವೆಂಬರ್ ಕೊನೆಗೆ ಓಖಿ. 2019ರ ಅಕ್ಟೋಬರ್ ಕೊನೆಗೆ ಕ್ಯಾರ್, ಅದರ ಬೆನ್ನಿಗೇ ಮಹಾ. ಓಖಿಯಲ್ಲಿ ಕೇರಳ, ಕನ್ಯಾಕುಮಾರಿಯ ಎಷ್ಟೋ ಮೀನುಗಾರರು ಮನೆಗೆ ಬರಲೇ ಇಲ್ಲ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರದ ಮುನ್ಸೂಚನೆ ಕೊಡುತ್ತದೆ, ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಅದು ದೊಡ್ಡ ಟ್ರಾಲ್ ಬೋಟಿನವರಿಗೆ ಅಂತ ಗಾಳದವರು ತಿಳಿದಿದ್ದಾರೆ. ಹಾಗಲ್ಲ. ಸಣ್ಣ ದೋಣಿಗೇ ಅದು ಮೊದಲು ಬೇಕು.

ಸರಿ, ಹೊರಗೆ ಹೋಗಲಾಗದ ದಿನ ಏನು ಮಾಡುವುದು? ಒಳಗೆ ಗಜನಿ ಇದೆ.

ಗಜನಿ ಅಂದರೆ ಅಳಿವೆಯ ಪಕ್ಕದ ತಗ್ಗು ಗದ್ದೆ, ಸುತ್ತ ಮಣ್ಣಿನ ಕಟ್ಟೆ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ತಾಳಿಕೊಳ್ಳುವ, ನೆರೆಯಲ್ಲಿ ನಿಂತೂ ಬದುಕುವ ತಳಿ. ಅಕ್ಟೋಬರಿನ ಹೊತ್ತಿಗೆ ಕೊಯ್ಲು. ಆಮೇಲೆ ಹಲಗೆ ಬಾಗಿಲು ತೆಗೆದು ಉಪ್ಪು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ. ನೀರಿನ ಜೊತೆ ಸಿಗಡಿ ಮರಿ, ಮೀನು ಮರಿ ಒಳಗೆ ಬಂದು ಭತ್ತದ ಕೂಳೆಯ ನಡುವೆ ಬೆಳೆಯುತ್ತವೆ. ಇಳಿತದಲ್ಲಿ ಅದೇ ಬಾಗಿಲಿಂದ ನೀರು ಹೊರಗೆ ಬರುತ್ತದೆ. ಅದರ ಜೊತೆ ಸಣ್ಣ ಸಿಗಡಿ, ಸಣ್ಣ ಮೀನು. ಹೊರಗೆ ಬಾಗಿಲ ಬುಡದಲ್ಲಿ ನೀರು ಕೊರೆದ ಗುಂಡಿ ಇರುತ್ತದೆ. ಆ ಗುಂಡಿಯಲ್ಲಿ ಸೀಬಾಸ್ ತಲೆಯನ್ನು ಬಾಗಿಲ ಕಡೆ ಮಾಡಿ, ಊಟದ ಪಂಕ್ತಿಯಲ್ಲಿ ಕೂತವರ ಹಾಗೆ ಕಾಯುತ್ತದೆ.

ಇಲ್ಲಿ ಎಸೆಯುವುದು ಕಷ್ಟವಲ್ಲ, ಬಿಡುವುದು ಕಷ್ಟ. ಲೂರನ್ನು ಬಾಗಿಲ ಬಾಯಿಗೆ ಹಾಕಿ, ನೀರಿನ ಓಟಕ್ಕೇ ಬಿಟ್ಟುಬಿಡಿ. ಅದು ಸೋತ ಸಿಗಡಿಯ ಹಾಗೆ ತೇಲಿ ಬರಲಿ. ರೀಲು ತಿರುಗಿಸುವ ಆಸೆಯನ್ನು ತಡೆದುಕೊಳ್ಳಿ. ಟಪ್ ಅಂತ ಒಂದು ಸದ್ದು ಬರುತ್ತದೆ, ಯಾರೋ ಡಬ್ಬಿ ಮುಚ್ಚಳ ತೆಗೆದ ಹಾಗೆ. ಸೀಬಾಸ್ ಬಾಯಿ ತೆರೆದು ನೀರಿನ ಸಮೇತ ಒಳಗೆಳೆದುಕೊಳ್ಳುವ ಸದ್ದು ಅದು. ಅದನ್ನು ಒಂದು ಸಲ ಕೇಳಿದವರು ಮತ್ತೆ ಬರುತ್ತಾರೆ. ಒಂದು ಮಾತು, ಗಜನಿ ಬಾಗಿಲಿಗೆ ಒಡೆಯರಿರುತ್ತಾರೆ. ಬಲೆ ಕಟ್ಟಿರುತ್ತಾರೆ. ಕೇಳದೆ ಹೋಗಿ ಗಾಳ ಹಾಕುವುದು ಬೇರೆಯವರ ಅಂಗಳದಲ್ಲಿ ಕಾಯಿ ಕಿತ್ತ ಹಾಗೆ. ನಾನು ಕೇಳಿಯೇ ಹೋಗುತ್ತೇನೆ.

ಸೀಬಾಸ್ ಬಗ್ಗೆ ಇನ್ನೊಂದು ವಿಷಯ. ಈ ಮೀನು ಮೊದಲು ಗಂಡಾಗಿ ಬೆಳೆಯುತ್ತದೆ. ಕೆಲವು ವರ್ಷ ಕಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ದೋಣಿಯಲ್ಲಿ ಎತ್ತಿ ಹಿಡಿದು ಫೋಟೊ ತೆಗೆಸಿಕೊಳ್ಳುವ ಆ ದೊಡ್ಡ ಮೀನು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣು. ಲಕ್ಷಗಟ್ಟಲೆ ಮೊಟ್ಟೆ ಇಡುವ ತಾಯಿ. ಸಾರಿಗೆ ಎರಡು ಮೂರು ಕಿಲೋದ ಮೀನು ಸಾಕು, ರುಚಿಯೂ ಅದರದ್ದೇ ಜಾಸ್ತಿ. ದೊಡ್ಡದನ್ನು ನಾನು ವಾಪಸ್ ಬಿಡಿಸುತ್ತೇನೆ. ಮೊದಮೊದಲು ಜನ ಬೇಜಾರಾಗುತ್ತಿದ್ದರು, "ದುಡ್ಡು ಕೊಟ್ಟು ಬಂದಿದೀವಿ ಅಣ್ಣಾ" ಅನ್ನುತ್ತಿದ್ದರು. ಈ ಕತೆ ಹೇಳಿದ ಮೇಲೆ ಅವರೇ ಬಿಡುತ್ತಾರೆ.

ಬಿಡುವುದಕ್ಕೂ ಕ್ರಮ ಇದೆ. ಒಣ ಕೈಯಲ್ಲಿ ಮುಟ್ಟಬೇಡಿ, ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಕಿವಿರಿನೊಳಗೆ ಬೆರಳು ಹಾಕಬೇಡಿ. ಬಾಯಿಯಿಂದ ನೇತಾಡಿಸಬೇಡಿ, ಹೊಟ್ಟೆಯ ಅಡಿಗೆ ಇನ್ನೊಂದು ಕೈ ಕೊಡಿ. ಗಾಳದ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿಟ್ಟಿರಿ, ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ನೀರಿಗೆ ಇಳಿಸಿ, ತಲೆ ಓಟದ ಎದುರಿಗೆ ಮಾಡಿ ಹಿಡಿದುಕೊಳ್ಳಿ. ಕಿವಿರು ತೆರೆದು ಮುಚ್ಚಿ, ತೆರೆದು ಮುಚ್ಚಿ, ಬಾಲಕ್ಕೆ ಬಲ ಬಂದದ್ದು ನಿಮ್ಮ ಅಂಗೈಗೇ ಗೊತ್ತಾಗುತ್ತದೆ. ಆಗ ಅದೇ ಹೋಗುತ್ತದೆ, ನೀವು ತಳ್ಳುವುದು ಬೇಡ.

ಸಭೆಯಲ್ಲಿ ಹೊನ್ನಾವರದ ಕಡೆಯ ಹಿರಿಯರೊಬ್ಬರು ಎದ್ದು ಕೇಳಿದರು. "ನಮ್ಮ ಶರಾವತಿಯಲ್ಲೂ ಇದೇ ಲೆಕ್ಕ ನಡೀತದಾ?"

ಪೂರ್ತಿ ನಡೆಯುವುದಿಲ್ಲ ಅಂದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು, ಆಮೇಲೆ ಗೇರುಸೊಪ್ಪೆಯಲ್ಲೂ ಆಯಿತು. ವಿದ್ಯುತ್ ತಯಾರಿಸಿದ ನೀರು ವರ್ಷವಿಡೀ ಕೆಳಗೆ ಬರುತ್ತದೆ. ಮಳೆ ನಿಂತರೂ ಸಿಹಿನೀರು ನಿಲ್ಲುವುದಿಲ್ಲ. ಹಾಗಾಗಿ ಅಲ್ಲಿ ಉಪ್ಪು ಅಘನಾಶಿನಿಯ ಹಾಗೆ ಮೇಲೆ ಏರಲಾರದು. ಎರಡು ಅಳಿವೆಗಳ ನಡುವೆ ಹೆಚ್ಚು ದೂರವೇನಿಲ್ಲ, ಆದರೆ ಬಳಚಿನ ವಿಷಯದಲ್ಲಿ ಅಘನಾಶಿನಿ ಶ್ರೀಮಂತ, ಶರಾವತಿಯಲ್ಲಿ ಅದು ಬಹಳ ಕಮ್ಮಿಯಾಗಿದೆ. ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಆಯಿ ಬಳಚು ತರ್ತಿದ್ಲು" ಅಂದರು. ಅಷ್ಟೇ ಹೇಳಿ ಕೂತರು.

2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿತು. 4,801 ಹೆಕ್ಟೇರ್. ನನಗೆ ಅದರಿಂದ ಬಹಳ ಸಂತೋಷ ಆಯಿತು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬಳಚು ಉಳಿಯುವುದಿಲ್ಲ. ಮೇಲಿನಿಂದ ಮಳೆ ನೀರು ತನ್ನ ಹೊತ್ತಿಗೆ ಬರಬೇಕು, ಕೆಳಗಿನಿಂದ ಕಡಲು ತನ್ನ ಹೊತ್ತಿಗೆ ಏರಬೇಕು. ಎರಡಕ್ಕೂ ದಾರಿ ಬಿಡಬೇಕು. ಇದನ್ನು ನಾನು ಗಾಳ ಹಾಕಲು ಬಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ. ಒಂದು ದಿನಕ್ಕೆ ಬಂದವರಾದರೂ ಆ ದಿನ ಅವರು ಈ ನದಿಯವರೇ.

ಕೊನೆಗೆ ಒಬ್ಬ ಹುಡುಗಿ ಕೇಳಿದಳು. ಅವಳು ಕಾಲೇಜಿನಲ್ಲಿ ಓದುತ್ತಿದ್ದಾಳೆ, ಗಾಳ ಹಿಡಿದೇ ಇಲ್ಲವಂತೆ. "ಮೊದಲ ಸಲ ಬರೋದಾದ್ರೆ ಯಾವಾಗ ಬರ್ಲಿ?"

ಚಿತ್ತೆ ಮುಗಿದು ಸ್ವಾತಿ ಹತ್ತಲಿ ತಂಗೀ. ಅಕ್ಟೋಬರ್ 24ರ ಆಚೆ. ಅಮಾವಾಸ್ಯೆ ಕಳೆದು ನಾಲ್ಕೈದು ದಿನ ಬಿಡು. ನೀರಿನ ಓಟ ಸ್ವಲ್ಪ ಹದಕ್ಕೆ ಬರುತ್ತದೆ, ಹೊಸಬರಿಗೆ ಅದು ಒಳ್ಳೆಯದು. ಉಬ್ಬರ ಇಳಿತ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ, ಅದನ್ನು ನೋಡಿ ಹೊತ್ತು ನಾನು ಹೇಳುತ್ತೇನೆ. ರಾಡು ತರಬೇಡ, ನನ್ನದೇ ಇದೆ. ಮೊದಲು ಮರಳಿನ ದಿಬ್ಬದ ಪಕ್ಕ ಸಣ್ಣ ಗಾಳಕ್ಕೆ ಸಿಗಡಿ ಚೂರು ಸಿಕ್ಕಿಸಿ ಕಾಣೆ ಹಿಡಿಯೋಣ, ನಮ್ಮ ಕಡೆ ನೋಗ್ಲಿ ಅನ್ನುತ್ತೇವಲ್ಲ, ಅದು. ಕೈಗೆ ದಾರದ ಅಭ್ಯಾಸ ಆಗಲಿ. ಟೋಪಿ ತಾ, ಕುಡಿಯುವ ನೀರು ತಾ, ಲೈಫ್ ಜಾಕೆಟ್ ದೋಣಿಯಲ್ಲಿದೆ, ಅದನ್ನು ಹಾಕಿಕೊಳ್ಳದೆ ಹತ್ತುವಂತಿಲ್ಲ. ಹಿಂದಿನ ರಾತ್ರಿ ಒಂದು ಫೋನ್ ಮಾಡು. ಶಿರಸಿಯಲ್ಲಿ ಮಳೆ ಬಂದಿದ್ದರೆ ಎರಡು ದಿನ ಬಿಟ್ಟು ಬಾ ಅನ್ನುತ್ತೇನೆ. ಬಂದಿಲ್ಲವಾದರೆ ಬೆಳಿಗ್ಗೆ ಐದಕ್ಕೆ ದಕ್ಕೆಯಲ್ಲಿ ಇರುತ್ತೇನೆ.